ಎಣ್ಣೆ ಹಾದಿಗೆ ಒರಟು ಚೆಂಡು

ಮೈಸೂರಿನ ಹಳೆಯ ಕ್ಲಬ್ಬೊಂದರ ಹಿತ್ತಲಿನಲ್ಲಿ ಜವರಮ್ಮ ಎಂಬ ಕಸ ಗುಡಿಸುವ ಹೆಂಗಸು ಇದ್ದಳು. ಅವಳಿಗೊಬ್ಬನೇ ಮಗ, ಕರಿಸಿದ್ದ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವನು. ಅದೇ ಅವಳ ಗ್ರಹಚಾರ.

ಜವರಮ್ಮನ ಗಂಡ ಆ ಕ್ಲಬ್ಬಿನ ಬೌಲಿಂಗ್ ಹಾಲಿನಲ್ಲಿ ಕೆಲಸಕ್ಕಿದ್ದ. ಸದಸ್ಯರಿಗೆ ಉರುಳಿಸಲು ಒಪ್ಪುವ ಭಾರದ ಚೆಂಡು ಆರಿಸಿ ಕೊಡಬೇಕು. ಮರದ ಹಾದಿಯ ಆಚೆ ತುದಿಗೆ ಹೋಗಿ, ಬಾಟಲಿಯಾಕಾರದ ಹತ್ತು ಮರದ ಪಿನ್ನುಗಳನ್ನು ನಿಲ್ಲಿಸಬೇಕು. ಚೆಂಡು ಬಂದು ಉರುಳಿಸಿದರೆ ಮತ್ತೆ ನಿಲ್ಲಿಸಬೇಕು. ಅವನು ತೀರಿಕೊಂಡ ಮೇಲೆ ಅವಳು ಕೈಮುಗಿದು ಬೇಡಿ ಆ ಕೆಲಸವನ್ನು ಮಗನಿಗೆ ಕೊಡಿಸಿದಳು. ಅವಳ ಮಂಡಿ ಸೋತಿತ್ತು. ಮಗನ ಕೆಲಸ ಉಳಿದರೆ ಹಿತ್ತಲಿನ ಒಂಟಿ ಕೋಣೆ ಉಳಿಯುತ್ತದೆ. ಹೋದರೆ ಇಬ್ಬರೂ ಬೀದಿಗೆ.

"ದೊಡ್ಡವರಿಗೆ ಫಳಫಳ ಹೊಳೆಯೋದನ್ನೇ ಕೊಡಪ್ಪ," ಎಂದು ಹೇಳಿ ಕಳಿಸಿದಳು.

ಚೆಂಡು ಸರಾಗವಾಗಿ ಉರುಳಲೆಂದು ಹಾದಿಗೆ ಬಳಿಯುವ ಎಣ್ಣೆಯನ್ನು ಅಂದು ದಪ್ಪಗೆ ಬಳಿದಿದ್ದರು. ಕರಿಸಿದ್ದ ಎಲ್ಲಕ್ಕಿಂತ ಹೊಳೆಯುವ ಚೆಂಡನ್ನು ಜಡ್ಜ್ ಸಾಹೇಬರ ಕೈಗಿಟ್ಟ. ಅದು ಪಾಚಿಯ ಮೇಲೆ ಕಾಲಿಟ್ಟವರಂತೆ ಜಾರಿತು. ತಿರುಗಬೇಕಾದಲ್ಲಿ ತಿರುಗದೆ ಪಕ್ಕದ ಕಾಲುವೆಗೆ ಬಿತ್ತು. ಒಂದು ಪಿನ್ನೂ ಅಲುಗಲಿಲ್ಲ!

"ಅಯ್ಯೋ ಪೆದ್ದ ಮುಂಡೇದೆ!" ಎಂದಳು ಜವರಮ್ಮ. "ಎಣ್ಣೆ ಜಾಸ್ತಿ ಇದ್ದರೆ ಹೊಳೆಯೋದು ಜಾರಿಬಿಡುತ್ತೆ ಅಂತ ನಿಮ್ಮಪ್ಪ ಬಡಕೊಳ್ತಿರಲಿಲ್ವೇನೋ? ಮಂಕಾಗಿ ಒರಟಾಗಿರೋದೇ ನೆಲ ಕಚ್ಚೋದು. ಎಣ್ಣೆ ಕಂಡರೆ ಒರಟು!"

"ಆಗಲಿ ಅಮ್ಮ. ಎಣ್ಣೆ ಕಂಡರೆ ಒರಟು."

ಮಾರನೆಯ ದಿನವೂ ಎಣ್ಣೆ ದಪ್ಪಗಿತ್ತು. ಡಾಕ್ಟರಮ್ಮ ತಮ್ಮದೇ ಹೊಸ ಚೆಂಡು ತಂದಿದ್ದರು. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಅವರು ಕಾಫಿ ಕುಡಿದು ಬರುವಷ್ಟರಲ್ಲಿ ಕರಿಸಿದ್ದ ಅದನ್ನು ಬಟ್ಟೆ ಒಗೆಯುವ ಕಲ್ಲಿಗೆ ಹಾಕಿ ಉಜ್ಜಿದ, ಉಜ್ಜಿದ, ಉಜ್ಜಿಯೇ ಉಜ್ಜಿದ.

"ತಗೊಳ್ಳಿ ಅಮ್ಮಾವ್ರೆ, ಒರಟು ಮಾಡಿದೀನಿ!"

ಡಾಕ್ಟರಮ್ಮ ಅತ್ತೇಬಿಟ್ಟರು. ಮೇಲ್ವಿಚಾರಕ ಮುತ್ತಣ್ಣನವರು ಹಿತ್ತಲಿಗೇ ಬಂದು ಕೂಗಿದರು: "ಜವರಮ್ಮ, ಇವನನ್ನು ಹೆತ್ತೆಯೋ, ಮರದಲ್ಲಿ ಕೆತ್ತಿಸಿದೆಯೋ?"

ಅವರು ಹೋದ ಮೇಲೆ ಜವರಮ್ಮ ಮಗನ ಬೆನ್ನಿಗೊಂದು ಗುದ್ದಿದಳು. "ಕಂಡವರ ಸಾಮಾನು ಕೇಳದೆ ಮುಟ್ತಾರೇನೋ? ಯಾರದು ಅಂತ ಕೇಳು. ಹೂಂ ಅಂದ ಮೇಲೆ ಮುಟ್ಟು!"

"ಆಗಲಿ ಅಮ್ಮ. ಹೂಂ ಅಂದ ಮೇಲೆ ಮುಟ್ತೀನಿ."

ಮೂರನೆಯ ದಿನ ಮುತ್ತಣ್ಣನವರು ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದರು. ಬೆಂಚಿನ ಪಕ್ಕದಲ್ಲಿ ಚೆಂಡುಗಳನ್ನು ಜೋಡಿಸಿಡುವ ಕಟ್ಟೆಯ ಮೇಲೆ ಒಂದು ಚೆಂಡು ಮೆಲ್ಲಗೆ ಅಂಚಿನ ಕಡೆ ಉರುಳತೊಡಗಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕರಿಸಿದ್ದ ನಿಂತಿದ್ದ.

"ಸಾರ್, ಈ ಚೆಂಡು ಯಾರದು?"

"ಯಾವುದೋ?"

"ಉರುಳ್ತಾ ಇದೆಯಲ್ಲ, ಅದು. ಮುಟ್ಟಲಾ?"

ಮುತ್ತಣ್ಣನವರು ಹೂಂ ಅನ್ನಲಿಲ್ಲ. "ಅಯ್ಯಯ್ಯೋ!" ಅಂದರು. ಅಷ್ಟರಲ್ಲಿ ಚೆಂಡು ಅವರ ಪಾದದ ಮೇಲೆ ಬಿದ್ದಿತ್ತು.

ಸಂಜೆ ಅವರು ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು, ಕುಂಟುತ್ತ ಬಂದರು. ಈ ಸಲ ಕೂಗಲಿಲ್ಲ. "ನಾಳೆ ವರ್ಷದ ಪಂದ್ಯ, ಜವರಮ್ಮ. ಮೊದಲ ಚೆಂಡು ಅಧ್ಯಕ್ಷರದು. ಹತ್ತು ಪಿನ್ನೂ ಬಿದ್ದರೆ ವರ್ಷವೆಲ್ಲ ಶುಭ ಅಂತ ಈ ಕ್ಲಬ್ಬಿನವರ ನಂಬಿಕೆ. ನಾಳೆಯೂ ಎಡವಟ್ಟು ಮಾಡಿದರೆ ಕೋಣೆ ಬಿಟ್ಟುಬಿಡಿ. ನನ್ನ ಕೈಯಲ್ಲಿ ಇನ್ನೇನೂ ಇಲ್ಲ."

ಜವರಮ್ಮ ಒಲೆ ಹಚ್ಚಲಿಲ್ಲ. ಬೈಯುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ನಾನು ಸತ್ತರೆ ಇವನು ಯಾರ ಮಾತು ಕೇಳಿ ಬದುಕುತ್ತಾನೆ ಎಂದುಕೊಂಡು ಮಗನ ಗಲ್ಲ ಹಿಡಿದಳು.

"ಕಂದಾ, ಬೀಳೋದು ಕಂಡರೆ ಕೇಳ್ತಾ ನಿಲ್ಲಬೇಡ. ಹಾರಿ ಹಿಡಿ. ಬೀಳೋಕೆ ಬಿಡಬೇಡ."

"ಆಗಲಿ ಅಮ್ಮ. ಬೀಳೋಕೆ ಬಿಡಲ್ಲ."

ಮರುದಿನ ಹಾಲಿನ ತುಂಬ ಜನ. ಹಾದಿಯ ತುಂಬ ಎಣ್ಣೆ. ಜವರಮ್ಮ ಪೊರಕೆ ಹಿಡಿದು ಬಾಗಿಲ ಮರೆಯಲ್ಲಿ ನಿಂತಳು. ಕರಿಸಿದ್ದ ಹೊಳೆಯುವ ಚೆಂಡುಗಳನ್ನು ಬಿಟ್ಟ. ಒಂದೊಂದರ ಮೇಲೂ ಅಂಗೈ ಸವರಿ, ಮಂಕಾದ, ಒರಟಾದ ಚೆಂಡೊಂದರ ಮುಂದೆ ನಿಂತ. "ಸಾರ್, ಇದು ಕ್ಲಬ್ಬಿಂದು. ಮುಟ್ಟಲಾ?" ಮುತ್ತಣ್ಣನವರು ಹೂಂ ಅಂದರು. ಅದನ್ನು ಒರೆಸಿ ಅಧ್ಯಕ್ಷ ರುದ್ರಮುನಿಯವರಿಗೆ ಕೊಟ್ಟ.

"ಭೇಷ್! ಈ ಎಣ್ಣೆಗೆ ಇದೇ ಸರಿ," ಎಂದರು ಅಧ್ಯಕ್ಷರು. ಜವರಮ್ಮನ ಕಣ್ಣು ತುಂಬಿ ಬಂತು. ಕರಿಸಿದ್ದ ಆಚೆ ತುದಿಗೆ ಹೋಗಿ, ಹತ್ತು ಪಿನ್ನು ನಿಲ್ಲಿಸಿ, ಪಕ್ಕದ ಕಟ್ಟೆ ಏರಿ ಕುಳಿತ.

ಚೆಂಡು ಹೊರಟಿತು. ಎಣ್ಣೆಯಲ್ಲಿ ಸ್ವಲ್ಪ ದೂರ ಜಾರಿತು, ನೆಲ ಕಚ್ಚಿತು, ಬಾಗಿತು, ನೇರವಾಗಿ ಪಿನ್ನುಗಳ ಎದೆಗೇ ನುಗ್ಗಿತು. ಜನ ಎದ್ದು ನಿಂತರು.

"ಅಯ್ಯೋ, ಬೀಳ್ತವೆ!" ಎಂದು ಕರಿಸಿದ್ದ ಕಟ್ಟೆಯಿಂದ ಹಾರಿದ. ಚೆಂಡಿಗೆ ಬೆನ್ನು ಕೊಟ್ಟು, ಹತ್ತನ್ನೂ ಎರಡು ತೋಳಲ್ಲಿ ಬಾಚಿ ತಬ್ಬಿಕೊಂಡ. ಚೆಂಡು ಧಡ್ ಎಂದು ಅವನ ಬೆನ್ನಿಗೆ ಬಡಿದು ನಿಂತಿತು.

ಅಧ್ಯಕ್ಷರು ಕೋಟು ಎತ್ತಿಕೊಂಡು ಹೊರಗೆ ನಡೆದರು. ಮುತ್ತಣ್ಣನವರು ಬಾಗಿಲ ಕಡೆ ತಿರುಗಿ ನೋಡಿದರು, ಅಷ್ಟೇ. ಜವರಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿನ ಗಂಟಿನಿಂದ ಕೋಣೆಯ ಬೀಗದ ಕೈ ಬಿಚ್ಚತೊಡಗಿದಳು.

ಆಚೆ ತುದಿಯಲ್ಲಿ ಕರಿಸಿದ್ದ ನೋವಿಗೆ ಮುಖ ಕಿವುಚಿಕೊಂಡೇ ನಗುತ್ತ ಕೂಗಿದ:

"ಅಮ್ಮಾ, ಹಿಡಿದೆ! ಒಂದೂ ಬೀಳಲಿಲ್ಲ!"