ಬಲಗಾಲಿನ ಸ್ಕೀಯ ದಾಖಲೆ

ಸತತ ಎಂಟು ವರ್ಷ ಕಪ್ ಗೆದ್ದಿದ್ದ ಅಂಗ್ಮೊ, ಒಂಬತ್ತನೆಯದಕ್ಕೆಂದು ತನ್ನ ಕಡೆಯ ಪಂದ್ಯದಲ್ಲಿ ಹಿಮದ ಇಳಿಜಾರಿಗೆ ಇಳಿದಾಗ ಏನಾಯಿತು, ಊಹಿಸಿ ನೋಡೋಣ. ಬಿದ್ದಳು ಅಂತೀರಿ. ಇಲ್ಲ, ಅವಳ ಬಲಗಾಲಿನ ಸ್ಕೀ ಹಲಗೆಗೆ ಒಂದು ಯೋಚನೆ ಬಂತು.

ಎಂಟು ಕಪ್ಪೂ ತನ್ನಿಂದಲೇ ಬಂದವು ಎಂದು ಅದು ಬಹಳ ದಿನದಿಂದ ನಂಬಿಕೊಂಡಿತ್ತು. ಮೂರನೆಯ ತಿರುವಿನಲ್ಲಿ ಎಡ ಸ್ಕೀಗೆ ಹೇಳಿತು: "ತಮ್ಮಾ, ಈ ಹೆಂಗಸಿನ ಭಾರ ಇಲ್ಲದಿದ್ದರೆ ನಾನು ಇಷ್ಟು ಹೊತ್ತಿಗೆ ಕೆಳಗಿರುತ್ತಿದ್ದೆ."

"ಅವಳು ಭಾರ ಊರಿದರೆ ತಾನೇ ಅಣ್ಣಾ ನಾವು ತಿರುಗುವುದು," ಎಂದಿತು ಎಡ ಸ್ಕೀ. "ಇನ್ನೂ ನಲವತ್ತು ಬಾವುಟ ಸುತ್ತಿ ಹೋಗಬೇಕು. ಸುಮ್ಮನೆ ನಡಿ."

"ನಿನಗೆ ಹೊರುವುದೇ ಅಭ್ಯಾಸ. ಹೊತ್ತುಕೋ," ಎಂದು ಬಲ ಸ್ಕೀ ಬೂಟಿನ ಕೊಂಡಿಯಿಂದ ಕಳಚಿಕೊಂಡಿತು.

ಹೊರಟಿತು ನೋಡಿ. ಒಂದು ಬಾವುಟವನ್ನೂ ಸುತ್ತದೆ, ನೆಟ್ಟಗೆ, ಯಾರೂ ಕಂಡರಿಯದ ವೇಗದಲ್ಲಿ ಇಳಿದು, ಮುಕ್ತಾಯದ ಗೆರೆ ದಾಟಿ, ಬಲೆಯ ಬೇಲಿಗೆ ಗುದ್ದಿ ನಿಂತಿತು. ಅಂಗ್ಮೊ ಎಡಗಾಲೊಂದರ ಮೇಲೆಯೇ ನಲವತ್ತೂ ಬಾವುಟ ಸುತ್ತಿ, ಎಲ್ಲರಿಗಿಂತ ಕಡೆಗೆ ಬಂದಳು. ಕಪ್ ಬೇರೊಬ್ಬಳ ಕೈ ಸೇರಿತು.

"ಬೇಲಿಯವರೇ, ದಾಖಲೆ ನನ್ನದು ತಾನೇ?" ಎಂದು ಬಲ ಸ್ಕೀ ಕೇಳಿತು.

"ಅದರಲ್ಲಿ ಸಂಶಯವೇ ಇಲ್ಲ ಸ್ವಾಮಿ," ಎಂದಿತು ಬೇಲಿ. "ನನಗೆ ಬಂದು ಗುದ್ದಿದವರಲ್ಲಿ ನಿಮ್ಮಷ್ಟು ಜೋರಾಗಿ ಬಂದವರು ಇನ್ನೊಬ್ಬರಿಲ್ಲ."

ಇದು ನಡೆದದ್ದು ಫೆಬ್ರವರಿ ಒಂಬತ್ತನೇ ತಾರೀಕು, ಸೋಮವಾರ, ಬೆಳಗ್ಗೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ.