ಜಟ್ಟಿ ಹಾಕಿದ ಗಂಟು

ಒಂದು ಕೆರೆಯ ಕೋಡಿಯ ಬಳಿ ಈಚಲು ಮರವೊಂದು ನೀರಿನ ಮೇಲೆ ಬಾಗಿಕೊಂಡಿತ್ತು. ಅದರ ಗರಿಗಳಿಗೆ ಗೀಜಗ ಹಕ್ಕಿಗಳು ಗೂಡು ನೇಯುತ್ತಿದ್ದವು.

ಮಕ್ಕಳೇ, ಗೀಜಗಗಳಲ್ಲಿ ಒಂದು ಪದ್ಧತಿಯಿದೆ. ಮೊದಲು ಗಂಡು ಅರ್ಧ ಗೂಡು ಕಟ್ಟುತ್ತದೆ. ಬೋರಲು ಹಾಕಿದ ಬುಟ್ಟಿಯಂತಿರುವ ಅದನ್ನು ಹೆಣ್ಣು ಬಂದು ಜಗ್ಗಿ ನೋಡುತ್ತದೆ. ಒಪ್ಪಿದರೆ ಇಬ್ಬರೂ ಜೊತೆಯಾಗುತ್ತಾರೆ, ಗಂಡು ಉಳಿದರ್ಧ ಕಟ್ಟಿ ಮುಗಿಸುತ್ತದೆ. ಒಪ್ಪದಿದ್ದರೆ ಆ ವರ್ಷ ಒಂಟಿ ಬಾಳು.

ಜಟ್ಟಿ ಎಂಬ ಗೀಜಗ ಹೋದ ವರ್ಷ ಒಂಟಿಯಾಗಿಯೇ ಉಳಿದಿದ್ದ. ಅವನ ಕಂಠ ಚೆನ್ನಾಗಿತ್ತು, ತಲೆಯ ಹಳದಿ ಬಣ್ಣವೂ ಚೆನ್ನಾಗಿತ್ತು. ಗಂಟು ಹಾಕಲು ಮಾತ್ರ ಬರುತ್ತಿರಲಿಲ್ಲ. ಒಂದು ಎಳೆ ಜಾರಿದರೆ ಸಾಕು, ಕೊಕ್ಕು ಒರೆಸಿಕೊಂಡು ಎದ್ದುಬಿಡುತ್ತಿದ್ದ.

ಪಕ್ಕದ ಗರಿಯಲ್ಲಿ ದೂಮನಿದ್ದ. ಜಟ್ಟಿಯ ವಾರಗೆಯವನೇ. ಹೋದ ವರ್ಷ ಅವನಿಗೂ ಏನೂ ಬರುತ್ತಿರಲಿಲ್ಲ. ಆದರೆ ಮಳೆಗಾಲ ಮುಗಿದ ಮೇಲೂ ಅವನು ಸುಮ್ಮನೆ ಕೂರಲಿಲ್ಲ. ಜೊಂಡಿನ ಎಳೆ ತರುವುದು, ಸುತ್ತುವುದು, ಬಿಚ್ಚುವುದು, ಎಲ್ಲಿ ಜಾರಿತೆಂದು ನೋಡಿ ಮತ್ತೆ ಸುತ್ತುವುದು. ಹೀಗೇ ಕಲಿತ. ಈ ವರ್ಷ ಅವನ ಅರ್ಧ ಗೂಡು ಎಂಥ ಗಾಳಿಗೂ ತೂಗುತ್ತಿತ್ತೇ ಹೊರತು ಒಂದು ಎಳೆ ಸಡಿಲವಾಗುತ್ತಿರಲಿಲ್ಲ.

ಅದನ್ನು ಕಂಡಾಗಲೆಲ್ಲ ಜಟ್ಟಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

ಕೆಳಗೆ ಬಂಡೆಯ ಮೇಲೆ ಮುದಿ ಮಿಂಚುಳ್ಳಿಯೊಬ್ಬಳು ಮೀನಿಗೆ ಕಾದು ಕೂತಿದ್ದಳು. "ಅಜ್ಜಿ, ದೂಮನಿಗೆ ಯಾರೋ ಕದ್ದುಮುಚ್ಚಿ ಹೇಳಿಕೊಟ್ಟಿದ್ದಾರೆ," ಎಂದ ಜಟ್ಟಿ.

"ಯಾರೂ ಇಲ್ಲ ಕಣೋ. ಅವನು ಬೀಳಿಸಿದ ಎಳೆಯೆಲ್ಲ ನನ್ನ ತಲೆ ಮೇಲೇ ಬಿದ್ದಿದೆ."

"ಹಾಗಾದರೆ ಅವನಿಗೆ ಸಿಕ್ಕಿದ ಜೊಂಡು ಒಳ್ಳೇದಿರಬೇಕು."

"ಅದೇ ಜೊಂಡು ನಿನ್ನ ಕಣ್ಣ ಮುಂದೆಯೂ ಇದೆ. ಸಾಕು ಮಾತು, ನನ್ನ ಮೀನು ಓಡಿಹೋಗುತ್ತೆ."

ಜಟ್ಟಿ ಸ್ವಂತ ಗರಿಯ ಕೆಲಸವನ್ನೇ ಬಿಟ್ಟ. ದೂಮ ಎಳೆ ತರಲು ಹಾರಿದರೆ ಅವನ ಗೂಡನ್ನೇ ನೋಡುತ್ತ ಕೂರುವನು. ದೂಮ ಬಂದರೆ ಮುಖ ತಿರುಗಿಸುವನು. ಅದು ಉದುರಿ ಬೀಳಲಿ ಎಂದು ಒಂದು ಮನಸ್ಸು. ಅದು ತನ್ನದಾಗಬಾರದಿತ್ತೇ ಎಂದು ಇನ್ನೊಂದು.

ಹೆಣ್ಣು ಗೀಜಗಗಳು ಸದ್ಯದಲ್ಲೇ ಬರುತ್ತವೆ ಎಂಬ ಸುದ್ದಿ ಬಂತು. ಜಟ್ಟಿ ದೂಮನ ಬಳಿಗೆ ಹಾರಿದ.

"ದೂಮಣ್ಣ, ಹೇಳಬಾರದು ಅಂತಲೇ ಇದ್ದೆ. ನಿನ್ನ ಗರಿಯ ಬುಡಕ್ಕೆ ಹುಳ ಹಿಡಿದಿದೆ. ಕಟಕಟ ಅಂತ ಸದ್ದು ಕೇಳಿದೆ."

ದೂಮ ಬುಡ ನೋಡಿದ. "ಏನೂ ಕಾಣಲ್ಲವಲ್ಲ?"

"ಒಳಗಿನ ಹುಳ ಹೊರಗೆ ಕಾಣುತ್ತಾ? ಮರಿ ಆದಮೇಲೆ ಗರಿ ಕಳಚಿದರೆ ಕೆಳಗೆ ನೀರು. ಆಮೇಲೆ ನನ್ನನ್ನು ಅನ್ನಬೇಡ."

ಮರಿಗಳ ಮಾತಿಗೆ ದೂಮ ಹೆದರಿದ. ಮರದ ಆಚೆ ಮಗ್ಗುಲಿಗೆ ಹೋಗಿ ಬೇರೆ ಗರಿಗೆ ಮೊದಲ ಎಳೆ ಸುತ್ತತೊಡಗಿದ. ಅವನ ಕೊಕ್ಕು ಸರಸರನೆ ಆಡುತ್ತಿತ್ತು. ಜಟ್ಟಿಗೆ ಅದನ್ನು ಕಂಡೂ ಉರಿಯಿತು. ಅಷ್ಟು ಚೆಂದದ ಗೂಡು ಬಿಟ್ಟುಹೋದವನಿಗೆ ಚೂರಾದರೂ ದುಃಖ ಬೇಡವೇ?

ಕೆಲವು ದಿನಗಳಲ್ಲೇ ಹೆಣ್ಣುಗಳು ಬಂದವು. ಜಟ್ಟಿ ದೂಮನ ಹಳೆಯ ಗೂಡಿನಲ್ಲಿ ಕೂತು, ರೆಕ್ಕೆ ಬಡಿದು ಹಾಡಿದ. ಗಂಗಿ ಎಂಬ ಹೆಣ್ಣು ಗೀಜಗ ಬಂದು ಗೂಡಿಗೆ ಜೋತುಬಿದ್ದು, ಅಲ್ಲಲ್ಲಿ ಜಗ್ಗಿ ನೋಡಿದಳು.

"ನೀನೇ ಕಟ್ಟಿದ್ದಾ?"

"ಮತ್ತೆ? ಪಕ್ಕದ ಮನೆಯವರು ಕಟ್ಟಿಕೊಡ್ತಾರಾ?"

ಕೆಳಗೆ ಮಿಂಚುಳ್ಳಿ ಅಜ್ಜಿ ಕೆಮ್ಮಿದಳು.

"ಗಟ್ಟಿಯಾಗಿದೆ. ನನಗೆ ಒಪ್ಪಿಗೆ," ಎಂದಳು ಗಂಗಿ. ಜಟ್ಟಿಯ ಎದೆ ಉಬ್ಬಿತು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು. "ಮೋಡ ಕಟ್ಟಿದೆ. ಮೊಟ್ಟೆಗೊಂದು ಕೋಣೆ, ಒಳಗೆ ಬರೋದಕ್ಕೆ ಉದ್ದನೆಯ ಕೊಳವೆ, ಎರಡನ್ನೂ ಬೇಗ ಮುಗಿಸು. ನಾನು ಇಲ್ಲೇ ಕೂತಿರ್ತೀನಿ."

ಜಟ್ಟಿಗೆ ಅರ್ಧ ಗೂಡೇನೋ ಕೈಗೆ ಸಿಕ್ಕಿತ್ತು. ಉಳಿದರ್ಧ ಎಲ್ಲಿಂದ ತರುವುದು?

ಹಸಿ ಜೊಂಡನ್ನು ನೂಲಿನಂತೆ ಸೀಳಲು ಅವನಿಗೆ ಬರಲಿಲ್ಲ. ದಡದಲ್ಲಿ ಒಣಗಿ ಬಿದ್ದಿದ್ದ ಹುಲ್ಲನ್ನು ಹೊತ್ತು ತಂದ. ಸುತ್ತಿದರೆ ಅದು ಪಟ್ಟನೆ ಮುರಿಯಿತು. ಮುರಿದದ್ದನ್ನು ಸಂದಿಗಳಲ್ಲಿ ತುರುಕಿದ. ಹೇಗೋ ಕೊಳವೆಯಂಥದ್ದೊಂದು ಜೋತಾಡಿತು.

"ಇದೇನು, ಮೇಲೊಂದು ಥರ, ಕೆಳಗೊಂದು ಥರ?" ಎಂದಳು ಗಂಗಿ.

"ಇದು ಹೊಸ ರೀತಿ. ನಿನಗೆ ಗೊತ್ತಾಗಲ್ಲ."

"ಹಾಗಾದರೆ ಮೊದಲು ನೀನೇ ಒಳಗೆ ಹೋಗಿ ತೋರಿಸು."

ಜಟ್ಟಿ ಕೊಳವೆಯೊಳಗೆ ತಲೆ ತೂರಿಸಿದ. ಮರುಕ್ಷಣ ಕೊಳವೆ, ಹುಲ್ಲು, ಜಟ್ಟಿ, ಎಲ್ಲವೂ ಬುಳುಂಕನೆ ನೀರಿಗೆ ಬಿದ್ದವು.

ಮಿಂಚುಳ್ಳಿ ಅಜ್ಜಿ ಅವನ ರೆಕ್ಕೆ ಕಚ್ಚಿ ದಡಕ್ಕೆ ಎಳೆದಳು. "ಮೀನು ಅಂದ್ಕೊಂಡೆ," ಎಂದಳು ಬೇಸರದಿಂದ.

ಜಟ್ಟಿ ಮೈ ಕೊಡವಿ ಮೇಲೆ ನೋಡಿದಾಗ ಗಂಗಿ ಇರಲಿಲ್ಲ. ಆಚೆ ಮಗ್ಗುಲಲ್ಲಿ ದೂಮನ ಹೊಸ ಗೂಡನ್ನು ಜಗ್ಗಿ ನೋಡುತ್ತಿದ್ದಳು. ಅವಳು ಒಪ್ಪಿದಳು. ದೂಮ ಆಗಲೇ ಕೋಣೆಯ ಕೆಲಸಕ್ಕೆ ಕೊಕ್ಕು ಹಾಕಿದ.

ಜಟ್ಟಿ ತೊಟ್ಟಿಕ್ಕುತ್ತ ಅಲ್ಲಿಗೆ ಹೋದ. "ಹುಳ ಇರಲಿಲ್ಲ," ಎಂದ.

"ಈಗ ಗೊತ್ತಾಯ್ತು," ಎಂದ ದೂಮ, ಕೆಲಸ ನಿಲ್ಲಿಸದೆ. "ಹಳೇ ಗೂಡು ಬೇಕಿದ್ದರೆ ಇಟ್ಟುಕೋ. ನನಗೆ ಇನ್ನೊಂದು ಕಟ್ಟೋಕೆ ಬರುತ್ತೆ."

ನೀರಿಗೆ ಬಿದ್ದದ್ದಕ್ಕಿಂತ ಈ ಮಾತು ಜಟ್ಟಿಗೆ ಹೆಚ್ಚು ನಾಟಿತು. "ಗೂಡು ಬೇಡ. ಗಂಟು ಹೇಗೆ ಹಾಕೋದು ಹೇಳು."

"ಹೇಳಿದರೆ ಬರೋದಲ್ಲ ಕಣೋ. ಹಸಿ ಎಳೆ ತಾ. ಜಾರಿದರೆ ಎದ್ದು ಹೋಗಬೇಡ."

ಆ ಮಳೆಗಾಲ ಜಟ್ಟಿಗೆ ಜೊತೆ ಸಿಗಲಿಲ್ಲ, ಗೂಡೂ ಆಗಲಿಲ್ಲ. ಎಳೆ ಜಾರುತ್ತಿತ್ತು, ಇನ್ನೊಂದು ತರುತ್ತಿದ್ದ. ಕೊನೆಗೊಂದು ಮಧ್ಯಾಹ್ನ ಒಂದು ಗಂಟು ಕೂತಿತು. ಎಳೆದ, ಜಾರಲಿಲ್ಲ. ತಲೆಕೆಳಗಾಗಿ ಜೋತುಬಿದ್ದ, ಆಗಲೂ ಜಾರಲಿಲ್ಲ.

ಅಷ್ಟರಲ್ಲಿ ಮಳೆ ಸುರಿಯಿತು. ಎಲ್ಲರೂ ಗೂಡು ಸೇರಿದರು. ಜಟ್ಟಿ ಮಾತ್ರ ತನ್ನ ಒಂದೇ ಎಳೆಗೆ ಜೋತುಬಿದ್ದು, ನೆನೆಯುತ್ತ, ತೂಗುತ್ತ ಇದ್ದ. ಎದುರಿಗೇ ದೂಮನ ಗೂಡು ತೂಗುತ್ತಿತ್ತು. ಅದರ ಕಡೆ ನೋಡಬೇಕೆಂದು ಅವನಿಗೆ ನೆನಪೇ ಆಗಲಿಲ್ಲ.

ನೀತಿ: ಇನ್ನೊಬ್ಬರು ಮಾಡಿದ್ದನ್ನು ಕಸಿದುಕೊಳ್ಳಬಹುದು, ಮಾಡಬಲ್ಲೆನೆಂಬ ಹೆಮ್ಮೆಯನ್ನು ಕಸಿಯಲಾಗದು; ಅದು ತಾನೇ ತಪ್ಪಿ ತಾನೇ ತಿದ್ದಿಕೊಂಡು ಕಲಿತವನಿಗಷ್ಟೇ ಸಿಗುತ್ತದೆ.