ಬಂಗುಡೆಯ ಬೆನ್ನಿನ ಮೇಲಿನ ದಾರಿ

ಲೋಕಕ್ಕೆ ಬಳಿದ ಬಣ್ಣ ಇನ್ನೂ ಆರದಿದ್ದ ಕಾಲ ಅದು. ಗಿಳಿಯನ್ನು ಸವರಿದರೆ ಅಂಗೈ ಹಸಿರಾಗುತ್ತಿತ್ತು. ಕಾಗೆಯನ್ನು ಮುಟ್ಟಿದರೆ ಬೆರಳಿಗೆ ಕಪ್ಪು ಹತ್ತುತ್ತಿತ್ತು. ಬಂಗುಡೆ ಮೀನಿನ ಸರದಿ ಬರುವ ಹೊತ್ತಿಗೆ ಬಣ್ಣ ಮುಗಿದಿತ್ತೋ ಏನೋ, ಅದರ ಮೈ ಬರೀ ಬೆಳ್ಳಿ. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ.

ಆಗ ಬಡಗಣ ಕಡಲಿನ ದಡದಲ್ಲಿ ಹೊನ್ನಿ ಎಂಬ ಮುದುಕಿ ಇದ್ದಳು. ಗಾಳ ಹಾಕುವುದು ಅವಳ ಕಸುಬು. ಅವಳ ತಾಯಿ ಕೂತು, ಅವಳು ಕೂತು, ಅಲ್ಲಿನ ಕರಿಬಂಡೆಯಲ್ಲಿ ಒಂದು ಗುಳಿಯೇ ಬಿದ್ದಿತ್ತು. ಪಕ್ಕದಲ್ಲಿ ಒಂದು ಕಾಗೆಯೂ ಕೂರುತ್ತಿತ್ತು. ಗಾಳಕ್ಕೆ ಸಿಕ್ಕಿಸುವ ಸಿಗಡಿ ಕದಿಯುವುದು ಅದರ ಕಸುಬು.

ಎಂಥ ಕಾಲ ಅದು! ಕಡಲು ಮಾತು ತಪ್ಪುತ್ತಿರಲಿಲ್ಲ. ಮಳೆ ನಿಂತು ಬಂಡೆಯ ಪಾಚಿ ಒಣಗಿತೆಂದರೆ ಬಂಗುಡೆ ಬಂದಿತೆಂದೇ ಲೆಕ್ಕ. ಹೊನ್ನಿ ಮೊದಲು ಮಸಾಲೆ ಅರೆದಿಟ್ಟು ಆಮೇಲೆ ಗಾಳ ಎತ್ತಿಕೊಳ್ಳುತ್ತಿದ್ದಳು. ಅಷ್ಟು ನಂಬಿಕೆ.

ದಡದವರಿಗೆ ಒಂದು ಕಟ್ಟಳೆಯಿತ್ತು. ವರ್ಷದ ಮೊದಲ ಮೀನನ್ನು ಯಾರೂ ತಿನ್ನುತ್ತಿರಲಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದು, ಮನೆಯ ಸುದ್ದಿ ಹೇಳಿ, ಅದರ ಸುದ್ದಿ ಕೇಳಿ, ಮತ್ತೆ ನೀರಿಗೆ ಬಿಡುತ್ತಿದ್ದರು.

ಒಂದು ವರ್ಷ ಪಾಚಿ ಒಣಗಿತು. ಮಸಾಲೆ ಅರೆದದ್ದೂ ಆಯಿತು. ಬಂಗುಡೆ ಬರಲಿಲ್ಲ. ಗಾಳಕ್ಕೆ ಬಿದ್ದದ್ದು ಹಳದಿ ಬಾಲದ ಯಾವುದೋ ಹೊಸ ಮೀನು.

"ನೀ ಯಾರ ಪೈಕಿ?" ಎಂದಳು ಹೊನ್ನಿ.

"ತೆಂಕಣದವ. ಅಲ್ಲಿ ನೀರು ಕಾಯ್ತು, ಇರೂಕೆ ಆಗ್ಲಿಲ್ಲ. ಇಲ್ಲಿಗೆ ಬಂದೆ" ಎಂದಿತು ಆ ಮೀನು.

ಹೊಸದಾಗಿ ಬಂದ ನೆಂಟನನ್ನು ಬೇಯಿಸಲು ಅವಳಿಗೆ ಮನಸ್ಸು ಬರಲಿಲ್ಲ. ಬಿಟ್ಟುಬಿಟ್ಟಳು. ಅರೆದ ಮಸಾಲೆ ಹಳಸಿ ಹೋಯಿತು.

ಎಷ್ಟೋ ದಿನವಾದ ಮೇಲೆ ಒಂದೇ ಒಂದು ಬಂಗುಡೆ ಏದುಸಿರು ಬಿಡುತ್ತ ಬಂಡೆಯ ಬುಡಕ್ಕೆ ಬಂತು. ಹೊನ್ನಿ ಅದನ್ನು ಅಂಗೈಗೆ ಎತ್ತಿಕೊಂಡಳು.

"ಎಲ್ಲಿ ಹೋಗಿದ್ರಿ ನೀವೆಲ್ಲ?"

"ಇಲ್ಲಿನ ನೀರೂ ಬೆಚ್ಚಗಾಯ್ತು ಅಜ್ಜಿ. ನಮ್ಮೋರೆಲ್ಲ ಇನ್ನೂ ಬಡಗಣ ದಿಕ್ಕಿಗೆ ಹೊರಟ್ರು. ನಿಂಗೆ ಹೇಳಿ ಹೋಗ್ವಾ ಅಂತ ಬಂದೆ."

"ತಿರುಗಿ ಬರೂದಿಲ್ವಾ?"

"ನೀರು ತಂಪಾದ್ರೆ ಬರೂಕೆ ಆಸೆ ಉಂಟು. ದಾರಿ ನೆನಪಿರಬೇಕಲ್ಲ. ಅಪ್ಪ ಬಿದ್ದ ಗಾಳಕ್ಕೇ ಮಗನೂ ಬೀಳೂ ಜಾತಿ ನಮ್ಮದು."

ಹೊನ್ನಿ ತಾನು ಕೂರುವ ಬಂಡೆಯತ್ತ ನೋಡಿದಳು. ಬಂಗುಡೆ ಬಾರದಿದ್ದರೆ ಆ ಬಂಡೆ ಬರೀ ಕಲ್ಲು. ಅವಳ ತಾಯಿ ಕೂತ ಗುಳಿಯಲ್ಲಿ ಮಳೆನೀರು ನಿಲ್ಲುತ್ತದೆ, ಅಷ್ಟೆ. ಅವಳು ಪಕ್ಕದ ಕಾಗೆಯನ್ನು ಗಬಕ್ಕನೆ ಹತ್ತಿರ ಎಳೆದುಕೊಂಡಳು.

"ಇವತ್ತು ನಾ ಎಂತದೂ ಕದೀಲಿಲ್ಲ" ಎಂದಿತು ಕಾಗೆ.

"ಇಷ್ಟು ದಿನ ತಿಂದದ್ದು ಎಲ್ಲಿ ಹೋಯ್ತು? ಸುಮ್ನೆ ಕೂರು."

ಕಾಗೆಯ ರೆಕ್ಕೆಗೆ ಬೆರಳು ಒತ್ತಿ ಕಪ್ಪು ತೆಗೆದಳು. ಬಂಗುಡೆಯ ಬೆನ್ನಿನ ಮೇಲೆ ದಡದ ಗೆರೆ ಎಳೆದಳು. ದಡ ಬಾಗಿದಲ್ಲಿ ಗೆರೆ ಬಾಗಿತು. ಬಂಡೆ ಇದ್ದಲ್ಲಿ ಒಂದು ಚುಕ್ಕೆ, ಹೊಳೆ ಕಡಲು ಸೇರುವಲ್ಲಿ ಒಂದು ಚುಕ್ಕೆ. ಬರೆಯುವಾಗ ಮೀನು ಜಾರದಂತೆ ಹಿಡಿದಿದ್ದಳಲ್ಲ, ಪಕ್ಕೆಯ ರೆಕ್ಕೆಯ ಅಡಿಯಲ್ಲಿ ಅವಳ ಹೆಬ್ಬೆರಳಿನ ಕಪ್ಪೂ ಅಂಟಿತು.

"ಇದನ್ನ ನನ್ನ ಮಕ್ಕಳ ಬೆನ್ನಿಗೂ ಕೊಡ್ತೆ" ಎಂದು ಬಂಗುಡೆ ನೀರಿಗೆ ಹಾರಿತು.

ಅದು ಕಣ್ಮರೆಯಾದ ಮೇಲೆ ಕಾಗೆ ಕೇಳಿತು, "ಯಾವಾಗ ಬರೂದು ಅಂತ ಬರೆದ್ಯಾ?"

ಹೊನ್ನಿ ಹಣೆ ಚಚ್ಚಿಕೊಂಡಳು. ಪಾಚಿ ಒಣಗಿದಾಗ ಬಂಗುಡೆ ಬರುತ್ತದೆ ಎಂಬುದು ಹುಟ್ಟಿದಂದಿನಿಂದ ಕಂಡದ್ದು. ಅದನ್ನೂ ಯಾರಾದರೂ ಬರೆದು ತಿಳಿಸಬೇಕೇ? ಸೊಂಟಮಟ್ಟದ ನೀರಿಗಿಳಿದು ಕೂಗಿದಳು. ಬಂಗುಡೆ ಆಗಲೇ ದೂರ ಹೋಗಿಯಾಗಿತ್ತು.

ಮರುವರ್ಷ ಪಾಚಿ ಒಣಗಿತು. ಬಂಗುಡೆಯಿಲ್ಲ. ಅರೆಯುವ ಕಲ್ಲು ಬರಿದೇ ಇತ್ತು. ಆದರೂ ಹೊನ್ನಿ ದಿನವೂ ಹೋಗಿ ಅಮ್ಮನ ಗುಳಿಯಲ್ಲಿ ಕೂತಳು. ಊರವರೆಲ್ಲ ಆಸೆ ಬಿಟ್ಟ ಮೇಲೆ, ಚಳಿಗೆ ನೀರು ತಂಪಾದ ಹೊತ್ತಿಗೆ, ದಾರ ಜಗ್ಗಿತು. ಮೀನನ್ನು ಎತ್ತಿದಳು. ಬೆನ್ನಿನ ಮೇಲೆ ದಡದ ಗೆರೆ. ರೆಕ್ಕೆ ಸರಿಸಿ ನೋಡಿದಳು. ಅಲ್ಲಿ ಅವಳದೇ ಹೆಬ್ಬೆರಳು.

"ಮನೆಯಲ್ಲಿ ಎಲ್ಲ ಸೌಖ್ಯ" ಎಂದಳು. ಮುಂದೆ ಹೇಳಲಾಗದೆ ಅತ್ತಳು. ಕಟ್ಟಳೆಯಂತೆ ನೀರಿಗೆ ಬಿಟ್ಟಳು.

ಅದಕ್ಕೇ ಮಗು, ಇವತ್ತಿಗೂ ಬಂಗುಡೆಗೆ ದಾರಿ ಗೊತ್ತು, ದಿನ ಗೊತ್ತಿಲ್ಲ; ಒಂದು ವರ್ಷ ಬೇಗ ಬರುತ್ತದೆ, ಒಂದು ವರ್ಷ ತಡವಾಗಿ. ಗಾಳ ಹಿಡಿದು ಬಂಡೆಯ ಮೇಲೆ ಕೂತ ಮುದುಕರು ಮೊದಲ ಮೀನಿನ ರೆಕ್ಕೆ ಸರಿಸಿ ಆ ಹೆಬ್ಬೆರಳಿನ ಗುರುತು ನೋಡುವವರೆಗೂ, ನಮ್ಮ ಮನೆಗಳಲ್ಲಿ ಯಾರೂ ಮಸಾಲೆ ಅರೆಯುವುದಿಲ್ಲ.